‘ಬೈಸಿಕೊಂಡೆ’ ಸರಿ, ‘ಕದಿಸಿಕೊಂಡೆ’ ಯಾಕೆ ಸರಿಯಿಲ್ಲ? ಇಂಗ್ಲಿಷಿನ ‘ಗೆಟ್’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಪುಟ್ಟ ಸಾಲು ನಾಲ್ಕು ದಿನದಿಂದ ನನ್ನನ್ನು ಕಾಡುತ್ತಿದೆ. ಒಂದು ಇಂಗ್ಲಿಷ್ ಧಾರಾವಾಹಿಯ ಕನ್ನಡ ಸಬ್‌ಟೈಟಲ್ ತಿದ್ದುತ್ತಿದ್ದೇನೆ. ಅದರಲ್ಲಿ ತಮ್ಮ ಸಪ್ಪೆ ಮೋರೆ ಹಾಕಿಕೊಂಡು ಒಳಗೆ ಬರುತ್ತಾನೆ. ‘ಐ ಗಾಟ್ ಮೈ ಫೋನ್ ಸ್ಟೋಲನ್’ ಅನ್ನುತ್ತಾನೆ. ಅಕ್ಕ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತುವುದಿಲ್ಲ. ‘ಯೂ ಗಾಟ್ ಇಟ್ ಸ್ಟೋಲನ್. ಅಗೇನ್’ ಅನ್ನುತ್ತಾಳೆ. ಇಷ್ಟೇ ದೃಶ್ಯ.

ನನ್ನ ಕೈಗೆ ಬಂದ ಕರಡಿನಲ್ಲಿ ಹೀಗಿತ್ತು: ‘ನಾನು ನನ್ನ ಫೋನನ್ನು ಕದಿಸಿದೆ.’ ಓದಿ ನಗು ಬಂತು. ಕನ್ನಡದಲ್ಲಿ ಇದರ ಅರ್ಥ ಏನಾಗುತ್ತೆ ನೋಡಿ: ಇವನೇ ಯಾರಿಗೋ ಹೇಳಿ ತನ್ನ ಫೋನನ್ನು ತಾನೇ ಕಳ್ಳತನ ಮಾಡಿಸಿದ. ವಿಮೆ ಹಣಕ್ಕೆ ಆಸೆಪಟ್ಟವನ ಕಥೆ ಆಗಿದ್ದರೆ ಸರಿ ಇತ್ತು. ಆಮೇಲೆ ಯಾರೋ ಅದನ್ನು ತಿದ್ದಿ ‘ನನ್ನ ಫೋನ್ ಕದಿಯಲ್ಪಟ್ಟಿತು’ ಮಾಡಿದ್ದರು. ವ್ಯಾಕರಣದಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಆದರೆ ಮೋರೆ ಜೋಲು ಹಾಕಿಕೊಂಡು ಬಂದ ಯಾವ ತಮ್ಮನೂ ಅಕ್ಕನ ಮುಂದೆ ‘ಕದಿಯಲ್ಪಟ್ಟಿತು’ ಅನ್ನುವುದಿಲ್ಲ. ಮೂರನೆಯದು ನನ್ನದೇ: ‘ಫೋನ್ ಕಳುವಾಯ್ತು.’ ಮಾತೇನೋ ಸಹಜವಾಯಿತು, ಆದರೆ ಅಕ್ಕನ ಚುಚ್ಚುಮಾತು ಸತ್ತೇ ಹೋಯಿತು. ಫೋನ್ ಹೋಯಿತು ಅನ್ನುವುದು ಅವಳ ಮಾತಲ್ಲ. ಹೋಗುವ ಹಾಗೆ ನೀನೇ ಮಾಡಿಕೊಂಡೆ ಅನ್ನುವುದು ಅವಳ ಮಾತು. ತಪ್ಪು ಹೊರಿಸುವ ಅಷ್ಟೂ ಕೆಲಸವನ್ನು ಆ ‘ಗಾಟ್’ ಒಂದೇ ಮಾಡುತ್ತಿದೆ.

ನಾನು ಕಲಿತ ಇಂಗ್ಲಿಷಿನಲ್ಲಿ ‘ಗೆಟ್’ ಅಂದರೆ ‘ಪಡೆ’. ಅಲ್ಲಿಗೆ ಮುಗಿಯಿತು. ಪ್ರಬಂಧದಲ್ಲಿ ‘ಗೆಟ್’ ಬರೆದರೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಬೀಳುತ್ತಿತ್ತು. ಅದು ಸೋಮಾರಿಯ ಪದ, ‘ರಿಸೀವ್’ ಬರೆ, ‘ಬಿಕಮ್’ ಬರೆ, ‘ಅರೈವ್’ ಬರೆ ಅನ್ನುತ್ತಿದ್ದರು. ಅದರ ಜೊತೆಗೆ ಗೋಡೆಯ ಮೇಲೆ ಹನ್ನೆರಡು ಕಾಲಗಳ ಚಾರ್ಟು. ‘ಐ ಶಲ್ ಹ್ಯಾವ್ ಬೀನ್ ಗೋಯಿಂಗ್’ ಅನ್ನುವ ರೂಪವನ್ನು ನಾನು ಬಾಯಿಪಾಠ ಮಾಡಿದ್ದೇನೆ. ಅದನ್ನು ಬಳಸುವ ಸಂದರ್ಭ ಇವತ್ತಿನವರೆಗೂ ಬಂದಿಲ್ಲ.

ಚಾರ್ಟಿನ ಇಂಗ್ಲಿಷೇ ಬೇರೆ, ಜನರ ಬಾಯಲ್ಲಿ ಓಡಾಡುವ ಇಂಗ್ಲಿಷೇ ಬೇರೆ ಅಂತ ನನಗೆ ಅರ್ಥವಾಗಿದ್ದು ಎಣಿಕೆ ಮಾಡಿದವರ ಪುಸ್ತಕ ನೋಡಿದ ಮೇಲೆ. 1999ರಲ್ಲಿ ಭಾಷಾವಿಜ್ಞಾನಿ ಡಗ್ಲಸ್ ಬೈಬರ್ ಮತ್ತು ಜೊತೆಗಾರರು ಲಾಂಗ್‌ಮನ್ ಪ್ರಕಾಶನದವರಿಗಾಗಿ ಒಂದು ದಪ್ಪ ಇಂಗ್ಲಿಷ್ ವ್ಯಾಕರಣ ಬರೆದರು. ಸುಮಾರು 4 ಕೋಟಿ ಪದಗಳಷ್ಟು ಮಾತು, ಕಥೆ, ಸುದ್ದಿ, ವಿದ್ವತ್ ಬರಹಗಳನ್ನು ಗುಡ್ಡೆ ಹಾಕಿ, ಯಾವ ರೂಪ ಎಷ್ಟು ಸಲ ಬರುತ್ತೆ ಅಂತ ಲೆಕ್ಕ ಹಾಕಿದ ವ್ಯಾಕರಣ ಅದು. ಅದರ ಪ್ರಕಾರ, ಕ್ರಿಯಾಪದಗಳಲ್ಲಿ ಸುಮಾರು 90 ಪಾಲು ಸಾದಾ ರೂಪಗಳೇ. ‘ಗೋಸ್’, ‘ವೆಂಟ್’ ಥರದವು. ಚಾರ್ಟಿನ ಮಿಕ್ಕ ಕೋಣೆಗಳೆಲ್ಲ ಸೇರಿ ಉಳಿದ ಹತ್ತು ಪಾಲಿನಲ್ಲಿ ಹಂಚಿಕೊಳ್ಳಬೇಕು. ಇನ್ನೊಂದು ಲೆಕ್ಕ ಇನ್ನೂ ಮಜವಾಗಿದೆ. ‘ಸೇ, ಗೆಟ್, ಗೋ, ನೋ, ಥಿಂಕ್, ಸೀ, ಮೇಕ್, ಕಮ್, ಟೇಕ್, ವಾಂಟ್, ಗಿವ್, ಮೀನ್’ – ಈ ಹನ್ನೆರಡೇ ಹನ್ನೆರಡು ಪದಗಳು ಆಡುಮಾತಿನ ಕ್ರಿಯಾಪದಗಳಲ್ಲಿ ಹತ್ತಿರ ಹತ್ತಿರ 45 ಪಾಲು ಆಕ್ರಮಿಸಿಕೊಂಡಿವೆ. ‘ಬಿ’, ‘ಹ್ಯಾವ್’, ‘ಡು’, ಆಮೇಲೆ ‘ಕ್ಯಾನ್’, ‘ವಿಲ್’ ಥರದ ಸಹಾಯಕಗಳು ಈ ಲೆಕ್ಕದಿಂದ ಹೊರಗೆ. ಹನ್ನೆರಡು ಕಾಲಗಳ ಬದಲು ಈ ಹನ್ನೆರಡು ಪದಗಳ ಚಾರ್ಟನ್ನು ಗೋಡೆಗೆ ಹಚ್ಚಿದ್ದರೆ ನಮಗೆ ಜಾಸ್ತಿ ಉಪಕಾರ ಆಗುತ್ತಿತ್ತು, ಅಲ್ವಾ?

ಅದರಲ್ಲಿ ‘ಗೆಟ್’ ಇದೆ ನೋಡಿ. ಅಡ್ಡಗೆರೆ ಹಾಕಿಸಿಕೊಂಡ ಅದೇ ‘ಗೆಟ್’.

ಹಳಬರಿಗೆ ಇದು ಕಾಣಲಿಲ್ಲ ಯಾಕೆ ಅಂದರೆ ಅವರು ನೋಡುತ್ತಿದ್ದದ್ದು ಅಚ್ಚಾದ ಬರಹವನ್ನು. ಕಂಪ್ಯೂಟರಿಗೆ ಹಾಕಿ ಎಣಿಸಿದ ಮೊದಲ ದೊಡ್ಡ ಸಂಗ್ರಹ ಬ್ರೌನ್ ವಿಶ್ವವಿದ್ಯಾಲಯದ್ದು. ಅದರಲ್ಲಿ 10 ಲಕ್ಷ ಪದ ಇದ್ದವು, ಆದರೆ ಅಷ್ಟೂ 1961ರಲ್ಲಿ ಅಚ್ಚಾದ ಬರಹ. ಮಾತು ಒಂದು ಚೂರೂ ಇಲ್ಲ. 1990ರ ದಶಕದಲ್ಲಿ ಬಂದ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ 10 ಕೋಟಿ ಪದಗಳದ್ದು. ಅದರಲ್ಲೂ ಮಾತಿನ ಪಾಲು ಹತ್ತರಲ್ಲಿ ಒಂದು. ‘ಗೆಟ್’ ಅಂಗಳದಲ್ಲಿ ಆಡುವ ಮಗು. ಅದನ್ನು ಪುಸ್ತಕದ ಕಪಾಟಿನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಈಗ ಅದರ ‘ಅರ್ಥ’ಕ್ಕೆ ಬರೋಣ. ‘ಗೆಟ್’ ಪದಕ್ಕೆ ಅರ್ಥ ಬರೆಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಅದರ ಮುಂದೆ ಏನು ಬಂದಿದೆ ಅಂತ ನೋಡಬೇಕು. ಮುಂದೆ ವಸ್ತು ಬಂದರೆ ‘ಸಿಕ್ಕಿತು’. ಜಾಗ ಬಂದರೆ ‘ತಲುಪಿದ’. ಗುಣವಾಚಕ ಬಂದರೆ ‘ಆಯಿತು’: ‘ಗಾಟ್ ಟೈರ್ಡ್’ ಸುಸ್ತಾಯಿತು, ‘ಗಾಟ್ ಡಾರ್ಕ್’ ಕತ್ತಲಾಯಿತು, ‘ಗಾಟ್ ಲೇಟ್’ ತಡವಾಯಿತು. ಕೋಪಕ್ಕೆ ಮಾತ್ರ ಕನ್ನಡದಲ್ಲಿ ‘ಬಂತು’ ಬೇಕು, ಜ್ವರಕ್ಕೂ ಅಷ್ಟೇ. ‘ಗಾಟ್ ಇಟ್?’ ಅಂದರೆ ‘ಗೊತ್ತಾಯ್ತಾ?’ (ಗಾಟ್, ಗೊತ್ತು ಎರಡೂ ಕಿವಿಗೆ ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ. ನೆಂಟಸ್ತಿಕೆ ಏನೂ ಇಲ್ಲ. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆಟ’ದಿಂದ. ನಮ್ಮ ಗೊತ್ತಿನ ಊರೇ ಬೇರೆ.) ‘ಗೆಟ್ ಅಪ್’, ‘ಗೆಟ್ ಓವರ್’, ‘ಗೆಟ್ ಬೈ’ ಇತ್ಯಾದಿಗಳನ್ನು ಇಲ್ಲಿ ಬಿಡುತ್ತೇನೆ. ಅವು ಒಂದೊಂದೂ ಬೇರೆ ಬೇರೆ ಪದಗಳೇ ಅಂದುಕೊಂಡು ಕಲಿಯುವುದು ಒಳ್ಳೆಯದು.

ಪದಕ್ಕಿಂತ ಪದದ ಅಕ್ಕಪಕ್ಕ ನೋಡಿ ಅನ್ನುವ ಮಾತು ಹೊಸದೇನಲ್ಲ. ಎ.ಎಸ್. ಹಾರ್ನ್‌ಬಿ ಅಂತ ಒಬ್ಬರು ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಪದದ ಅರ್ಥ ಗೊತ್ತಿದ್ದರೂ ಹುಡುಗರು ವಾಕ್ಯ ತಪ್ಪು ಕಟ್ಟುತ್ತಾರೆ ಅನ್ನುವುದು ಅವರಿಗೆ ದಿನಾ ಕಾಣುತ್ತಿತ್ತು. ಅದಕ್ಕೆ 1942ರಲ್ಲಿ ಬಂದ ಅವರ ನಿಘಂಟಿನಲ್ಲಿ ಕ್ರಿಯಾಪದಗಳಿಗೆ 25 ಮಾದರಿಗಳನ್ನು ಗುರುತು ಹಾಕಿ ಕೊಟ್ಟರು. ಆಮೇಲೆ 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ತಂಡ ಕೋಬಿಲ್ಡ್ ನಿಘಂಟು ತಂದಿತು. ಅದರಲ್ಲಿ ಅರ್ಥಗಳು ಪೂರ್ತಿ ವಾಕ್ಯಗಳಾಗಿ ಇವೆ. ‘ನೀವು ಇಂಥದ್ದನ್ನು ಹೀಗೆ ಮಾಡಿದರೆ, ಅದರರ್ಥ ಇದು’ ಅನ್ನುವ ಧಾಟಿ. ಮೊದಲ ಸಲ ನೋಡಿದಾಗ ಮಕ್ಕಳ ಪುಸ್ತಕ ಅನ್ನಿಸಿತ್ತು. ಈಗ ನಮ್ಮ ಕನ್ನಡ ಕ್ರಿಯಾಪದಗಳಿಗೂ ಯಾರಾದರೂ ಹಾಗೆ ಮಾಡಬಾರದೇ ಅನ್ನಿಸುತ್ತೆ.

ನನ್ನ ಸಾಲಿಗೆ ವಾಪಸ್ ಬರುತ್ತೇನೆ. ‘ಗೆಟ್’ ಮುಂದೆ ‘ಬ್ರೋಕನ್’, ‘ಕಾಟ್’, ‘ಸ್ಟೋಲನ್’ ಥರದ ರೂಪ ಬಂದಾಗ ಏನಾಗುತ್ತೆ? ಇದು ಒಂಥರಾ ಕರ್ಮಣಿ ಪ್ರಯೋಗ. ಆದರೆ ಶಾಲೆಯಲ್ಲಿ ಕಲಿಸಿದ ಕರ್ಮಣಿ ಅಲ್ಲ. ಶಾಲೆಯಲ್ಲಿ ಕಲಿಸಿದ್ದು ‘ದ ಕ್ಯಾಟ್ ಕಿಲ್ಡ್ ದ ರ್ಯಾಟ್’ ಅನ್ನುವುದನ್ನು ತಿರುವಿ ಹಾಕಿ ‘ದ ರ್ಯಾಟ್ ವಾಸ್ ಕಿಲ್ಡ್ ಬೈ ದ ಕ್ಯಾಟ್’ ಮಾಡುವುದು. ಇಲಿ, ಬೆಕ್ಕು ಎರಡೂ ಇರಲೇಬೇಕು, ಮಧ್ಯೆ ‘ಬೈ’ ಇರಲೇಬೇಕು. ಇಲ್ಲದಿದ್ದರೆ ಅರ್ಧ ಅಂಕ ಕಟ್. ನಿಜವಾದ ಬಳಕೆಯಲ್ಲಿ ನೋಡಿದರೆ ಕರ್ಮಣಿ ವಾಕ್ಯಗಳಲ್ಲಿ ಹೆಚ್ಚಿನವಕ್ಕೆ ‘ಬೈ’ ಬಾಲವೇ ಇರುವುದಿಲ್ಲ. ಬೆಕ್ಕು ಯಾವುದು ಅಂತ ಹೇಳಬೇಕಾಗಿಲ್ಲ ಅಂತಲೇ ತಾನೇ ಕರ್ಮಣಿ ಬಳಸುವುದು! ವಿದ್ವತ್ ಬರಹದಲ್ಲಿ ನಾಲ್ಕರಲ್ಲಿ ಒಂದು ಕ್ರಿಯಾಪದ ಕರ್ಮಣಿಯಲ್ಲಿ ಇರುತ್ತೆ, ಮಾತುಕತೆಯಲ್ಲಿ ನೂರಕ್ಕೆ ಎರಡು. ಇದೂ ಅದೇ ಬೈಬರ್ ತಂಡದ ಲೆಕ್ಕ. ನಮ್ಮ ‘ಅವನಿಂದ ಬರೆಯಲ್ಪಟ್ಟಿತು’ ಅನ್ನುವ ಭೂತ ಹುಟ್ಟಿದ್ದು ಆ ಬೆಕ್ಕು ಇಲಿಯ ಅಭ್ಯಾಸದಿಂದಲೇ ಅಂತ ನನ್ನ ಗುಮಾನಿ. ಇಂಗ್ಲಿಷರೇ ಮಾತಿನಲ್ಲಿ ಬಳಸದ ಒಂದು ಆಕಾರವನ್ನು ನಾವು ಕನ್ನಡಕ್ಕೆ ತಂದು, ಅದಕ್ಕೆ ‘ಇಂದ’ದ ಬಾಲ ಕಟ್ಟಿ, ಸರಿಯಾದ ಅನುವಾದ ಅಂತ ಬೆನ್ನು ತಟ್ಟಿಕೊಂಡೆವು.

‘ವಾಸ್ ಬ್ರೋಕನ್’, ‘ಗಾಟ್ ಬ್ರೋಕನ್’ ಪಕ್ಕಪಕ್ಕ ಇಟ್ಟು ನೋಡಿ. ‘ದ ವಿಂಡೋ ವಾಸ್ ಬ್ರೋಕನ್’ ಅಂದಾಗ ಎರಡು ಅರ್ಥ ಬರುತ್ತೆ. ನಾನು ನೋಡಿದಾಗ ಕಿಟಕಿ ಒಡೆದಿತ್ತು ಅಂತಲೂ ಆಗಬಹುದು, ಯಾರೋ ಒಡೆದರು ಅಂತಲೂ ಆಗಬಹುದು. ‘ಗಾಟ್ ಬ್ರೋಕನ್’ ಅಂದರೆ ಒಂದೇ. ಒಡೆದುಹೋಯಿತು. ಘಟನೆ ನಡೆಯಿತು. ಹಾಗೇ ‘ವಾಸ್ ಮ್ಯಾರೀಡ್’ ಅಂದರೆ ಮದುವೆಯಾಗಿತ್ತು ಅಂತಲೂ ಹೇಳಬಹುದು. ‘ಗಾಟ್ ಮ್ಯಾರೀಡ್’ ಅಂದರೆ ಮದುವೆಯಾಯಿತು, ಅಷ್ಟೇ.

ನಾನು ಬರೆದ ‘ಒಡೆದುಹೋಯಿತು’ ಗಮನಿಸಿದಿರಾ? ಆ ‘ಹೋಯಿತು’ ಎಲ್ಲಿಂದ ಬಂತು? ಯಾವ ನಿಘಂಟಿನಲ್ಲೂ ‘ಗೆಟ್’ ಎದುರಿಗೆ ‘ಹೋಗು’ ಅಂತ ಬರೆದಿಲ್ಲ. ಆದರೂ ಕೈ ತಾನಾಗಿ ಅದನ್ನೇ ಬರೆಯಿತು. ‘ಗಾಟ್ ಲಾಸ್ಟ್’ ಅಂದರೆ ಕಳೆದುಹೋದ. ‘ಗಾಟ್ ಚೀಟೆಡ್’ ಅಂದರೆ ಮೋಸ ಹೋದ. ‘ಗಾಟ್ ಬರ್ನ್ಟ್’ ಅಂದರೆ ಸುಟ್ಟುಹೋಯಿತು. ‘ಗಾಟ್ ಕಾಟ್’ಗೆ ಮಾತ್ರ ‘ಸಿಕ್ಕಿಬಿದ್ದ’. ಅಲ್ಲಿ ‘ಹೋಗು’ ಬದಲು ‘ಬೀಳು’ ಬಂತು, ಮುಂದೆ ‘ಸಿಕ್ಕು’ ಬೇರೆ ಕೂತಿದೆ! ಇಂಗ್ಲಿಷಿನ ಈ ‘ಗೆಟ್’ ಹೆಚ್ಚಾಗಿ ಕೆಟ್ಟ ಸುದ್ದಿ ತರುತ್ತೆ ಅಂತ ವ್ಯಾಕರಣದವರು ಗುರುತಿಸಿದ್ದಾರೆ. ಕೆಲಸದಿಂದ ತೆಗೆದರು, ಹಿಡಿದರು, ಗುದ್ದಿತು, ಕದ್ದರು. ಒಳ್ಳೆಯದೂ ಇದೆ, ‘ಗಾಟ್ ಪೇಯ್ಡ್’, ‘ಗಾಟ್ ಪ್ರಮೋಟೆಡ್’, ಆದರೆ ಕಡಿಮೆ. ನಮ್ಮ ‘ಹೋಗು’, ‘ಬೀಳು’ ಎರಡೂ ಹಾಗೇ. ಹಾಳಾಗಿಹೋಯಿತು ಅನ್ನುತ್ತೇವೆ. ‘ಉದ್ಧಾರವಾಗಿಹೋಯಿತು’ ಅಂದರೆ ಅದರಲ್ಲಿ ವ್ಯಂಗ್ಯ ಇದ್ದೇ ಇರುತ್ತೆ.

ಅಂದರೆ ಇಂಗ್ಲಿಷಿನ ಒಂದು ಸಾದಾ ಪದ ಮಾಡುವ ಕೆಲಸವನ್ನು ಕನ್ನಡದಲ್ಲಿ ನಾವು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಪುಟ್ಟ ಕ್ರಿಯಾಪದ ಅಂಟಿಸಿ ಮಾಡುತ್ತೇವೆ. ಪದಕ್ಕೆ ಪದ ಹುಡುಕಿದರೆ ಇದು ಯಾವತ್ತೂ ಕಾಣಲ್ಲ. ಮಾದರಿಗೆ ಮಾದರಿ ಇಟ್ಟಾಗ ಕಾಣುತ್ತೆ.

ಇಲ್ಲಿಂದ ಮುಂದೆ ನನಗೆ ನಿಜವಾಗಿ ರುಚಿ ಹತ್ತಿದ ಭಾಗ. ‘ಐ ಗಾಟ್ ಸ್ಕೋಲ್ಡೆಡ್’ ಅನ್ನುವುದನ್ನು ಕನ್ನಡದಲ್ಲಿ ಹೇಳಿ. ‘ನನಗೆ ಬೈದರು’ ಅನ್ನಬಹುದು. ‘ಬೈಗುಳ ತಿಂದೆ’ ಅನ್ನಬಹುದು. ಆದರೆ ಎಲ್ಲಕ್ಕಿಂತ ಹತ್ತಿರದ್ದು ‘ಬೈಸಿಕೊಂಡೆ’. ಇದನ್ನು ಬಿಡಿಸಿ ನೋಡಿ. ಬೈ, ಇಸು, ಕೊಳ್ಳು. ಇನ್ನೊಬ್ಬರ ಕೈಲಿ ಮಾಡಿಸುವ ‘ಇಸು’, ತನಗೇ ತಂದುಕೊಳ್ಳುವ ‘ಕೊಳ್ಳು’. ಅಕ್ಷರಕ್ಕೆ ಅಕ್ಷರ ಹಿಡಿದರೆ, ನಾನೇ ಇನ್ನೊಬ್ಬರ ಕೈಲಿ ನನಗೆ ಬೈಯುವ ಹಾಗೆ ಮಾಡಿಕೊಂಡೆ ಅಂತ. ಯಾರೂ ಬೇಕು ಅಂತ ಬೈಸಿಕೊಳ್ಳುವುದಿಲ್ಲ. ಆದರೂ ಆ ‘ಇಸು’ವಿನಲ್ಲಿ ಒಂದು ಸಣ್ಣ ಆರೋಪ ಇದೆ. ‘ಸುಮ್ನೆ ಇರೋಕೆ ಆಗದೆ ಹೋಗಿ ಬೈಸಿಕೊಂಡು ಬಂದ’ ಅನ್ನುವಾಗ ಅದು ಎದ್ದು ಕಾಣುತ್ತೆ. ‘ಸುಮ್ನೆ ಕೂತಿದ್ದವನಿಗೆ ಬೈದರು’ ಅನ್ನುವಾಗ ಆ ಆರೋಪ ಇಲ್ಲ. ಇಂಗ್ಲಿಷಿನಲ್ಲೂ ಹೀಗೇ. ‘ವಾಸ್ ಅರೆಸ್ಟೆಡ್’ ಅಂದರೆ ಪೊಲೀಸರು ಹಿಡಿದರು. ‘ಗಾಟ್ ಅರೆಸ್ಟೆಡ್’ ಅಂದರೆ ಏನೋ ಕಿತಾಪತಿ ಮಾಡಿರಬೇಕು ಅನ್ನುವ ನೆರಳು ಬೀಳುತ್ತೆ. ‘ಗಾಟ್ ಹಿಮ್‌ಸೆಲ್ಫ್ ಅರೆಸ್ಟೆಡ್’ ಅಂದರಂತೂ ನೆರಳಲ್ಲ, ನೇರ ಆರೋಪವೇ.

ಇದೇ ಸಾಲಿನಲ್ಲಿ ಹೊಡೆಸಿಕೊಂಡ, ಒದೆಸಿಕೊಂಡ, ಉಗಿಸಿಕೊಂಡ, ನಾಯಿ ಕೈಲಿ ಕಚ್ಚಿಸಿಕೊಂಡ. (ನಾಯಿಗೆ ಕೈ ಎಲ್ಲಿಂದ ಬಂತು ಅಂತ ಕೇಳಬೇಡಿ. ಮಾಡಿದವರನ್ನು ಹೇಳೋಕೆ ನಮಗೆ ಸಹಜವಾಗಿ ಬರುವುದು ‘ಕೈಲಿ’. ಶಾಲೆಯ ‘ಇಂದ’ ಅಲ್ಲ. ‘ಅಪ್ಪನ ಕೈಲಿ ಬೈಸಿಕೊಂಡೆ’ ಅನ್ನುತ್ತೇವೆ. ‘ಅಪ್ಪನಿಂದ ಬೈಯಲ್ಪಟ್ಟೆ’ ಅಂದವರನ್ನು ನಾನಂತೂ ನೋಡಿಲ್ಲ.) ಹೊಗಳಿಕೆಗೂ ಬರುತ್ತೆ, ಆದರೆ ಆಗಲೂ ಒಂದು ಅನುಮಾನ ಅಂಟಿಕೊಂಡೇ ಇರುತ್ತೆ. ‘ಎಲ್ಲರ ಕೈಲೂ ಹೊಗಳಿಸಿಕೊಂಡ’ ಅಂದರೆ ಅದಕ್ಕೆ ಅವನೇ ಏರ್ಪಾಡು ಮಾಡಿದ್ದ ಅನ್ನುವ ವಾಸನೆ.

ಇನ್ನೊಂದು ಸೊಗಸು ಇದೆ. ಇಂಗ್ಲಿಷಿನ ‘ಗಾಟ್ ಹಿಸ್ ಟೂತ್ ಪುಲ್ಡ್’, ‘ಗಾಟ್ ಹಿಸ್ ಟೀತ್ ನಾಕ್ಡ್ ಔಟ್’ ಎರಡರ ಅಚ್ಚೂ ಒಂದೇ. ಮೊದಲನೆಯದು ಹಲ್ಲಿನ ಡಾಕ್ಟರ ಹತ್ತಿರ ಬೇಕು ಅಂತಲೇ ಮಾಡಿಸಿದ್ದು. ಎರಡನೆಯದು ಜಗಳದಲ್ಲಿ ಬೇಡದೆ ಆಗಿದ್ದು. ಕೇಳುವವನಿಗೆ ಎರಡರ ವ್ಯತ್ಯಾಸ ತಿಳಿಯುವುದು ವ್ಯಾಕರಣದಿಂದ ಅಲ್ಲ, ಲೋಕಜ್ಞಾನದಿಂದ. ಕನ್ನಡದಲ್ಲಿ? ‘ಹಲ್ಲು ಕೀಳಿಸಿಕೊಂಡ’, ‘ಜಗಳಕ್ಕೆ ಹೋಗಿ ಹಲ್ಲು ಉದುರಿಸಿಕೊಂಡ.’ ಇಲ್ಲೂ ಒಂದೇ ಅಚ್ಚು, ಎರಡು ಕಥೆ! ‘ಕರೆಸಿಕೊಂಡ’ ಇನ್ನೂ ಚೆನ್ನಾಗಿದೆ. ‘ಡಾಕ್ಟರನ್ನು ಕರೆಸಿಕೊಂಡ’ ಅಂದರೆ ಹೇಳಿ ಕಳಿಸಿದ. ‘ದಡ್ಡ ಅಂತ ಕರೆಸಿಕೊಂಡ’ ಅಂದರೆ ಬೇಡದ ಬಿರುದು ಬಂತು. ಇಂಗ್ಲಿಷಿಗೂ ಕನ್ನಡಕ್ಕೂ ಹುಟ್ಟಿನಿಂದ ಯಾವ ಸಂಬಂಧವೂ ಇಲ್ಲ. ಒಂದರಲ್ಲಿ ಪದಗಳು ಸಾಲಾಗಿ ನಿಲ್ಲುತ್ತವೆ, ಇನ್ನೊಂದರಲ್ಲಿ ಒಂದರ ಬಾಲಕ್ಕೆ ಒಂದು ಅಂಟುತ್ತವೆ. ಆದರೂ ‘ಮಾಡಿಸಿಕೊಂಡಿದ್ದು’, ‘ಮೈಮೇಲೆ ಎಳೆದುಕೊಂಡಿದ್ದು’ ಎರಡನ್ನೂ ಒಂದೇ ಅಚ್ಚಿಗೆ ಹಾಕಿವೆ. ಇದು ಕಂಡ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಸುಳ್ಳಲ್ಲ.

ಪಾಪ, ‘ಕದಿಯಲ್ಪಟ್ಟಿತು’ ಥರದ ಮಾತಿನೊಳಗಿನ ‘ಅಲ್ಪಡು’ವನ್ನು ಇಷ್ಟೊಂದು ಬೈದಿದ್ದೇನೆ. ಅದರ ಪರವಾಗಿ ಒಂದು ಮಾತು. ಅದರೊಳಗಿನ ‘ಪಡು’ ತಾನೇ ತಾನಾಗಿ ಒಳ್ಳೆಯ ಪದ. ಕಷ್ಟಪಡು, ಆಸೆಪಡು, ನಾಚಿಕೆಪಡು, ಸಂತೋಷಪಡು. ಅನುಭವಿಸು, ಮೈಮೇಲೆ ಬರಮಾಡಿಕೊ ಅನ್ನುವ ಅರ್ಥ ಅಲ್ಲಿ ಜೀವಂತವಾಗಿದೆ. ಅದಕ್ಕೆ ಕ್ರಿಯಾಪದ ಕಟ್ಟಿ, ಎದುರಿಗೆ ‘ಇಂದ’ ತಗುಲಿಸಿ, ಕಲ್ಲು ಮರಕ್ಕೆಲ್ಲ ಬಳಸಲು ಹೊರಟಾಗ ಕೆಟ್ಟಿತು. ಕಷ್ಟಪಡೋಕೆ ಜೀವ ಬೇಕು. ಫೋನ್ ಪಾಪ ಏನು ಪಡುತ್ತೆ?

ಮೂರನೆಯ ಒಂದು ಮಾದರಿಯನ್ನೂ ಹೇಳಿಬಿಡುತ್ತೇನೆ, ಸಬ್‌ಟೈಟಲ್ ಮಾಡುವವರಿಗೆ ಉಪಯೋಗಕ್ಕೆ ಬರುತ್ತೆ. ‘ಐ ಗಾಟ್ ಹಿಮ್ ಟು ಸೈನ್’, ‘ಐ ಮೇಡ್ ಹಿಮ್ ಸೈನ್’, ‘ಐ ಹ್ಯಾಡ್ ಹಿಮ್ ಸೈನ್.’ ಕರಡಿನಲ್ಲಿ ಮೂರಕ್ಕೂ ‘ಸಹಿ ಹಾಕಿಸಿದೆ’ ಅಂತ ಇತ್ತು. ತಪ್ಪಲ್ಲ, ಆದರೆ ಮೂರು ಬೇರೆ ಬೇರೆ ಮನುಷ್ಯರು ಒಂದೇ ಅಂಗಿ ಹಾಕಿಕೊಂಡ ಹಾಗಾಯಿತು. ‘ಗಾಟ್’ ಇದ್ದರೆ ಒಲ್ಲದವನನ್ನು ಹೇಗೋ ಪುಸಲಾಯಿಸಿ ಹಾಕಿಸಿದ್ದು. ‘ಮೇಡ್’ ಇದ್ದರೆ ಬಲವಂತ. ‘ಹ್ಯಾಡ್’ ಇದ್ದರೆ ಹೇಳಿದೆ, ಹಾಕಿದ, ಅದು ಅವನ ಕೆಲಸ. ‘ಟು’ ಬರುವುದು ‘ಗಾಟ್’ ಜೊತೆಗೆ ಮಾತ್ರ ಅನ್ನುವುದನ್ನೂ ನೋಡಿ. ಪುಸಲಾಯಿಸೋಕೆ ಸ್ವಲ್ಪ ದಾರಿ ಸವೆಸಬೇಕಲ್ಲ, ಆ ದಾರಿಯೇ ‘ಟು’ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ಇದು ವ್ಯಾಕರಣದ ವಿವರಣೆ ಅಲ್ಲ, ನನ್ನ ಗುರುತಿನ ಗಂಟು ಅಷ್ಟೇ.

ಅದೇ ‘ಟು’ ಇನ್ನೊಂದು ಕಡೆ ಕಾಲು ಜಾರಿಸುತ್ತೆ. ‘ಐ ಗಾಟ್ ಟು ಸೀ ಹರ್.’ ಇದಕ್ಕೆ ಎರಡು ಅರ್ಥ, ಅವೂ ಎದುರುಬದುರು. ‘ಅವಳನ್ನು ನೋಡೋಕೆ ಸಿಕ್ತು’ ಅನ್ನುವುದು ಒಂದು, ಭಾಗ್ಯ. ‘ಅವಳನ್ನು ನೋಡಲೇಬೇಕು’ ಅನ್ನುವುದು ಇನ್ನೊಂದು, ‘ಗಾಟಾ’ ಅಂತ ಮಾತಿನಲ್ಲಿ ಸವೆದಿರುವುದು, ತುರ್ತು. ಒಂದು ನಡೆದುಹೋದದ್ದು, ಇನ್ನೊಂದು ನಡೆಯಬೇಕಾದದ್ದು. ಕಿವಿಗೆ ಮಾತ್ರ ಗೊತ್ತಾಗುತ್ತೆ, ಕಾಗದದ ಮೇಲೆ ಮುಂದಿನ ಸಾಲು ಓದದೆ ಬಿಡಿಸಲಾಗದು. ‘ಐ ಹ್ಯಾವ್ ಗಾಟ್ ಎ ಕಾರ್’ ಕೂಡ ಹೀಗೇ ಮೋಸ ಮಾಡುತ್ತೆ. ರೂಪ ನೋಡಿದರೆ ಪಡೆದಿದ್ದೇನೆ ಅನ್ನುವ ಹಾಗಿದೆ. ಅರ್ಥ ಮಾತ್ರ ‘ನನ್ನ ಹತ್ತಿರ ಕಾರಿದೆ’. ಅಮೆರಿಕದವರು ಪಡೆದದ್ದಕ್ಕೆ ‘ಗಾಟನ್’ ಅಂತ ಬೇರೆ ರೂಪವನ್ನೇ ಇಟ್ಟುಕೊಂಡಿದ್ದಾರೆ. ಅದನ್ನು ಹೊಸ ಕಾಲದ ಕೆಟ್ಟ ಇಂಗ್ಲಿಷ್ ಅಂತ ಮೂಗು ಮುರಿಯುವವರಿದ್ದಾರೆ. ಅದು ಹಳೆಯ ರೂಪ. ಬ್ರಿಟನ್ನಿನಲ್ಲಿ ಸವೆದು ‘ಗಾಟ್’ ಆಯಿತು, ‘ಫಾರ್ಗಾಟನ್’ ಥರದ ಕೆಲವು ಪದಗಳ ಒಳಗೆ ಇನ್ನೂ ಕೂತಿದೆ.

ಈಗ ನನ್ನ ಪ್ರಶ್ನೆ.

‘ಬೈಸಿಕೊಂಡೆ’, ‘ಹೊಡೆಸಿಕೊಂಡೆ’, ‘ಕಚ್ಚಿಸಿಕೊಂಡೆ’ ಎಲ್ಲ ಸರಿಯಿದ್ದರೆ ‘ಫೋನ್ ಕದಿಸಿಕೊಂಡೆ’ ಯಾಕೆ ಸರಿಯಾಗಿ ಕೇಳಿಸಲ್ಲ? ಅಚ್ಚು ಒಂದೇ. ಆರೋಪವೂ ಅದೇ. ಅಕ್ಕನ ಬಾಯಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಆದರೂ ನಾಲಗೆ ಒಪ್ಪುವುದಿಲ್ಲ.

ಮೊದಲು ನನಗೆ ತೋಚಿದ್ದು ಹೀಗೆ. ‘ಕೊಳ್ಳು’ ಅಂದರೆ ತನ್ನ ಕಡೆಗೆ ಎಳೆದುಕೊಳ್ಳುವುದು. ಕಳ್ಳತನದಲ್ಲಿ ವಸ್ತು ಆಚೆ ಹೋಗುತ್ತೆ. ದಿಕ್ಕು ಹೊಂದುವುದಿಲ್ಲ. ಖುಷಿಯಾಯಿತು. ಐದು ನಿಮಿಷಕ್ಕೆ ‘ಕಳೆದುಕೊಂಡೆ’ ನೆನಪಾಗಿ ಆ ಖುಷಿ ಇಳಿಯಿತು. ಅಲ್ಲೂ ವಸ್ತು ಆಚೆಯೇ ಹೋಗುತ್ತೆ, ಆದರೂ ‘ಕೊಳ್ಳು’ ಆರಾಮಾಗಿ ಕೂತಿದೆ.

ಎರಡನೆಯದು: ಬೇಡದ ಪೆಟ್ಟಿಗೆ ‘ಇಸಿಕೊಳ್ಳು’ ಬರಬೇಕಾದರೆ ಅದು ನಮ್ಮ ಮೈಗೋ, ನಮ್ಮ ಹೆಸರಿಗೋ ನೇರ ತಾಗಬೇಕು. ಬೈಗುಳ, ಏಟು, ಕಚ್ಚು, ಹಲ್ಲು, ‘ದಡ್ಡ’ ಅನ್ನುವ ಬಿರುದು, ಎಲ್ಲ ಮನುಷ್ಯನಿಗೇ ಅಂಟಿದ್ದು. ಫೋನ್ ಜೇಬಿನಲ್ಲಿ ಇರುತ್ತೆ, ಮೈಯಲ್ಲಿ ಅಲ್ಲ. ಇದು ಸದ್ಯಕ್ಕೆ ನಿಂತಿದೆ. ಮೂರನೆಯದು ಇದರ ಪಕ್ಕದ್ದೇ: ಬೈಯುವಾಗ, ಹೊಡೆಯುವಾಗ ನಾವು ಎದುರಿಗೇ ಇರುತ್ತೇವೆ, ಆಗುತ್ತಿರುವುದು ಗೊತ್ತಿರುತ್ತೆ. ಕಳ್ಳತನ ಗೊತ್ತಾಗದೆ ಆಗುವುದು. ಹಾಗಾದರೆ ಎದುರಿಗೇ ನಿಲ್ಲಿಸಿ ಕಿತ್ತುಕೊಂಡರೆ? ‘ಫೋನ್ ಕಿತ್ತುಕೊಳ್ಳಿಸಿಕೊಂಡೆ’ ಅಂತ ಹೇಳಿ ನೋಡಿದೆ. ನಾಲಗೆಗೆ ಗಂಟು ಬಿತ್ತು. ಆದರೆ ಅದಕ್ಕೆ ಕಾರಣ ಅರ್ಥವಲ್ಲ, ಎರಡೆರಡು ‘ಕೊಳ್ಳು’ ಬಂದದ್ದು ಇರಬಹುದು. ಹಾಗಾಗಿ ಎರಡನೆಯದನ್ನು, ಮೂರನೆಯದನ್ನು ಬೇರೆ ಮಾಡಿ ತೋರಿಸುವ ಒಂದು ಒಳ್ಳೆಯ ಉದಾಹರಣೆ ಬೇಕು. ಮೈಗೆ ತಾಗದ ಆದರೆ ಎದುರಿಗೇ ನಡೆಯುವ ನಷ್ಟ, ಅಥವಾ ಮೈಗೆ ತಾಗುವ ಆದರೆ ಗೊತ್ತಾಗದೆ ಆಗುವ ಪೆಟ್ಟು. ನಿದ್ದೆಯಲ್ಲಿ ‘ಸೊಳ್ಳೆ ಕೈಲಿ ಕಚ್ಚಿಸಿಕೊಂಡೆ’ ನಿಮ್ಮ ಕಿವಿಗೆ ಸರಿಯೇ? ನನ್ನ ಕಿವಿಗೆ ಸರಿ. ಹಾಗಿದ್ದರೆ ಮೂರನೆಯದು ಬಿತ್ತು.

ನಿಮ್ಮ ಮಾತಿನಲ್ಲಿ ‘ಕದಿಸಿಕೊಂಡ’ ಸಲೀಸಾಗಿ ಬರುತ್ತದೆಯೇ ಅಂತಲೂ ಹೇಳಿ. ಕೆಲವು ಕಡೆ ಬರುತ್ತಿದ್ದರೆ ನನ್ನ ವಾದ ಪೂರ್ತಿ ಬುಡಮೇಲಾಗುತ್ತೆ, ಬೇಜಾರಿಲ್ಲ. ‘ಇಸಿಕೊಳ್ಳು’ ಹಚ್ಚಿದ ಬೇರೆ ಬೇಡದ ಪೆಟ್ಟುಗಳು ನೆನಪಾದರೆ ವಾಕ್ಯದ ಸಮೇತ ಬರೆಯಿರಿ. ಬಿಡಿ ಪದ ಬೇಡ, ಸುತ್ತಲಿನ ಮಾತೂ ಬೇಕು.

ಸಬ್‌ಟೈಟಲಿಗೆ ಸದ್ಯ ಬರೆದಿಟ್ಟಿರುವುದು ಇದು. ತಮ್ಮ: ‘ಫೋನ್ ಕಳ್ಳರ ಪಾಲಾಯ್ತು.’ ಅಕ್ಕ: ‘ಪಾಲು ಮಾಡಿ ಬಂದೆ ಅನ್ನು. ಮತ್ತೆ.’ ಅವನು ‘ಆಯ್ತು’ ಅಂದದ್ದನ್ನು ಅವಳು ‘ಮಾಡಿ’ ಅಂತ ತಿರುಗಿಸುತ್ತಾಳೆ. ಮೂಲದಲ್ಲಿ ಇಬ್ಬರದೂ ಒಂದೇ ‘ಗಾಟ್’, ಒತ್ತು ಮಾತ್ರ ಬೇರೆ. ಇಲ್ಲಿ ಎರಡು ಪದ ಬೇಕಾಯಿತು. ಅದೊಂದು ಕೊರಗು ಉಳಿದಿದೆ. ಒಂದೇ ಪದದಲ್ಲಿ ಇಬ್ಬರ ಬಾಯಿಗೂ ಕೂರುವ ಹಾಗೆ ಯಾರಿಗಾದರೂ ಹೊಳೆದರೆ ತಿಳಿಸಿ. ಗುರುವಾರದೊಳಗೆ ಫೈಲ್ ಕಳಿಸಬೇಕು. ತಡವಾದರೆ ಬೈಸಿಕೊಳ್ಳುವುದು ನಾನೇ.